ಉಣ್ಣುವ ಎಲೆಯ ಮೇಲೆ ಅಡುಗೆ: ಸಣ್ಣ ಸರ್ವರ್‌ನಲ್ಲಿ ಡಿಪ್ಲಾಯ್ ಕೆಡುವುದೆಲ್ಲಿ?

ಪ್ರಶ್ನೆ: ಒಂದು ಬಟ್ಟೆ ಅಂಗಡಿಗೆ ಆರ್ಡರ್ ತೆಗೆದುಕೊಳ್ಳುವ ಸೈಟ್ ಮಾಡಿಕೊಟ್ಟಿದ್ದೇನೆ. ಗ್ರಾಹಕರು ನೋಡುವ ಮುಂಭಾಗ ರಿಯಾಕ್ಟ್, ಅದನ್ನು ಕಟ್ಟಿಕೊಡಲು ವೀಟ್; ಹಿಂದೆ ಕೋರಿಕೆಗಳಿಗೆ ಉತ್ತರಿಸುವ ನೋಡ್-ಎಕ್ಸ್‌ಪ್ರೆಸ್ ಎಪಿಐ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಎಲ್ಲವೂ 1 ಜಿಬಿ ರ‍್ಯಾಮ್ ಇರುವ ಒಂದೇ ಉಬುಂಟು ವಿಪಿಎಸ್‌ನಲ್ಲಿ (ಬಾಡಿಗೆ ಸರ್ವರ್), ಎದುರಿಗೆ ಬಂದ ಕೋರಿಕೆಗಳನ್ನು ಹಂಚುವ ಎಂಜಿನ್‌ಎಕ್ಸ್. ಬದಲಾವಣೆ ಇದ್ದಾಗಲೆಲ್ಲ ಡಿಪ್ಲಾಯ್ ಮಾಡಲು, ಅಂದರೆ ಹೊಸ ಕೋಡನ್ನು ಸೈಟ್‌ಗೆ ಏರಿಸಲು, ಎಸ್‌ಎಸ್‌ಎಚ್‌ನಲ್ಲಿ ಸರ್ವರ್ ಒಳಹೋಗಿ ಗಿಟ್ ಪುಲ್ (ಹೊಸ ಕೋಡ್ ತರುವುದು), ಎನ್‌ಪಿಎಂ ಇನ್‌ಸ್ಟಾಲ್ (ಬೇಕಾದ ಪ್ಯಾಕೇಜ್‌ಗಳನ್ನು ಇಳಿಸುವುದು), ಎನ್‌ಪಿಎಂ ರನ್ ಬಿಲ್ಡ್ (ಬ್ರೌಸರ್‌ಗೆ ಕೊಡುವ ಕಡತಗಳನ್ನು ಕಟ್ಟುವುದು), ಕೊನೆಗೆ ಎಪಿಐಯನ್ನು ಓಡಿಸಿಡುವ ಪಿಎಂ2ನ ರಿಸ್ಟಾರ್ಟ್ ಮಾಡುತ್ತೇನೆ. ಕೆಲವೊಮ್ಮೆ ಬಿಲ್ಡ್ ನಡುವೆಯೇ ‘ಕಿಲ್ಡ್’ ಎಂದು ನಿಂತುಬಿಡುತ್ತದೆ. ಒಂದೆರಡು ನಿಮಿಷ ಸೈಟ್ 502 ಎಂಬ ಎರರ್ ತೋರಿಸುತ್ತದೆ. ಡಿಪ್ಲಾಯ್ ಆದಮೇಲೆ ಕೆಲವು ಗ್ರಾಹಕರಿಗೆ ಪೂರಾ ಬಿಳಿ ಪುಟ. ರಿಫ್ರೆಶ್ ಮಾಡಿದರೆ ಸರಿಹೋಗುತ್ತದಂತೆ. ಡಾಕರ್‌ಗೆ (ಆ್ಯಪನ್ನು ಡಬ್ಬಿ ಕಟ್ಟಿ ಓಡಿಸುವ ಸಾಧನ) ಹೋಗು, ಕುಬರ್ನೆಟಿಸ್ (ಅಂಥ ಡಬ್ಬಿಗಳನ್ನು ನಿಭಾಯಿಸುವ ವ್ಯವಸ್ಥೆ) ಹಾಕು, ನೆಕ್ಸ್ಟ್‌ಜೆಎಸ್‌ನಲ್ಲಿ (ಸರ್ವರ್‌ನಲ್ಲೂ ಪುಟ ತಯಾರಿಸುವ ರಿಯಾಕ್ಟ್ ಫ್ರೇಮ್‌ವರ್ಕ್) ಮತ್ತೆ ಬರೆ ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾವುದನ್ನು ಹಿಡಿಯಲಿ?

ಉತ್ತರ: ನೀವು ಹೇಳಿದ ಮೂರೂ ತೊಂದರೆಗಳ ಬೇರು ಬಹುಪಾಲು ಒಂದೇ. ಗ್ರಾಹಕರಿಗೆ ಪುಟ ಕೊಡುತ್ತಿರುವ ಯಂತ್ರದಲ್ಲೇ, ಅದೂ ಅದೇ ಫೋಲ್ಡರ್‌ನಲ್ಲೇ ಬಿಲ್ಡ್ ನಡೆಸುತ್ತಿದ್ದೀರಿ. ಪಂಕ್ತಿ ಕೂತು ಉಣ್ಣುತ್ತಿರುವಾಗ ಎಲೆಯ ಮೇಲೆಯೇ ಅಡುಗೆ ಮಾಡಲು ಹೊರಟಂತೆ ಇದು. ಡಾಕರ್ ಹಾಕಿದ ಮಾತ್ರಕ್ಕೆ ಸರಿಹೋಗುವುದಿಲ್ಲ. ಅದೇ 1 ಜಿಬಿ ಯಂತ್ರದಲ್ಲಿ ಇಮೇಜ್ (ಆ ಡಬ್ಬಿಯ ಅಚ್ಚು) ಕಟ್ಟಲು ಕೂತರೆ ಅಲ್ಲೂ ‘ಕಿಲ್ಡ್’ ಎಂದೇ ಬರುತ್ತದೆ. ಬಿಲ್ಡ್ ಬೇರೆ ಕಡೆ ಆಗಬೇಕು, ಸಿದ್ಧವಾದದ್ದು ಮಾತ್ರ ಸರ್ವರ್‌ಗೆ ಬರಬೇಕು, ಹಳೆಯದು ಪಕ್ಕದಲ್ಲೇ ಹಾಗೇ ಉಳಿದಿರಬೇಕು. ಇಷ್ಟಕ್ಕೆ ಈಗಿರುವ ಸಾಮಾನೇ ಸಾಕು.

ಮೊದಲು ‘ಕಿಲ್ಡ್’ ಎಂಬುದನ್ನು ನೋಡೋಣ. ಅದನ್ನು ಹೇಳುತ್ತಿರುವುದು ನೋಡ್ ಅಲ್ಲ, ಆಪರೇಟಿಂಗ್ ಸಿಸ್ಟಂನ ತಿರುಳಾದ ಲಿನಕ್ಸ್ ಕರ್ನಲ್. ಮೆಮೊರಿ ಪೂರ್ತಿ ಮುಗಿದಾಗ ಕರ್ನಲ್ ಯಾವುದಾದರೂ ದೊಡ್ಡ ಪ್ರೋಸೆಸ್ ಒಂದನ್ನು ಆರಿಸಿ ಸಿಗ್‌ಕಿಲ್, ಅಂದರೆ ತಕ್ಷಣ ಸಾಯಿಸುವ ಸಿಗ್ನಲ್, ಕೊಡುತ್ತದೆ. ಆಗ ಎಕ್ಸಿಟ್ ಕೋಡ್ 137, ಅಂದರೆ 128 ಮತ್ತು ಸಿಗ್ನಲ್ ಸಂಖ್ಯೆ 9 ಕೂಡಿದ್ದು. ಕರ್ನಲ್ ಸಂದೇಶ ತೋರಿಸುವ ಡಿಮೆಸೇಜ್ ಆದೇಶಕ್ಕೆ ದೊಡ್ಡ ಟಿ ಆಯ್ಕೆ ಕೊಟ್ಟು ಕೊನೆಯ ಸಾಲುಗಳನ್ನು ನೋಡಿ. ‘ಔಟ್ ಆಫ್ ಮೆಮೊರಿ’ ಎಂಬ ಸಾಲಿನಲ್ಲಿ ಸತ್ತ ಪ್ರೋಸೆಸ್‌ನ ಹೆಸರು ಇರುತ್ತದೆ. ಇದಕ್ಕಿಂತ ಬೇರೆಯಾದ ಇನ್ನೊಂದು ಸಾವಿದೆ: ‘ಜಾವಾಸ್ಕ್ರಿಪ್ಟ್ ಹೀಪ್ ಔಟ್ ಆಫ್ ಮೆಮೊರಿ’ ಎಂದು ಉದ್ದದ ಸಂದೇಶ ಬಂದು ಕೋಡ್ 134 ಸಿಗುವುದು. ಅದು ನೋಡ್‌ನ ಒಳಗಿನ ವಿ8 ಎಂಜಿನ್ ತನ್ನ ಮಿತಿ ಮುಟ್ಟಿ ತಾನೇ ಬಿದ್ದದ್ದು. ಎರಡಕ್ಕೂ ಮದ್ದು ಬೇರೆ. 134 ಬಂದರೆ ನೋಡ್‌ಗೆ ಮ್ಯಾಕ್ಸ್-ಓಲ್ಡ್-ಸ್ಪೇಸ್-ಸೈಜ್ (ಮೆಮೊರಿ ಮಿತಿ, ಎಂಬಿಗಳಲ್ಲಿ) ಹೆಚ್ಚಿಸಿ ಕೊಡಬಹುದು. 137 ಬಂದಾಗ ಅದೇ ಆಯ್ಕೆಯನ್ನು 4096ಕ್ಕೆ ಏರಿಸುವವರು ತುಂಬಾ ಜನ. ಇಲ್ಲದ ರ‍್ಯಾಮನ್ನು ಬಳಸು ಎಂದು ನೋಡ್‌ಗೆ ಹೇಳಿದಂತಾಗಿ ಕರ್ನಲ್ ಇನ್ನೂ ಬೇಗ ಬಂದು ಕೊಲ್ಲುತ್ತದೆ.

ಬಿಲ್ಡ್ ಸತ್ತರೆ ನಿಮ್ಮ ಪುಣ್ಯ ಎನ್ನಬೇಕು. ಕರ್ನಲ್ ಒಂದೊಂದು ಸಲ ಬಿಲ್ಡನ್ನು ಬಿಟ್ಟು ಪೋಸ್ಟ್‌ಗ್ರೆಸ್‌ನ ಒಂದು ಪ್ರೋಸೆಸನ್ನು ಹಿಡಿಯುತ್ತದೆ. ಹಾಗೆ ಒಂದು ಬ್ಯಾಕೆಂಡ್ (ಒಂದು ಸಂಪರ್ಕ ನೋಡಿಕೊಳ್ಳುವ ಪ್ರೋಸೆಸ್) ಸಿಗ್‌ಕಿಲ್‌ಗೆ ಸಿಕ್ಕರೆ ಪೋಸ್ಟ್‌ಗ್ರೆಸ್ ಉಳಿದ ಎಲ್ಲ ಸಂಪರ್ಕಗಳನ್ನೂ ಕಡಿದು ರಿಕವರಿ ನಡೆಸಿ ಮತ್ತೆ ಏಳುತ್ತದೆ. ಆ ಹೊತ್ತಿಗೆ ಆರ್ಡರ್ ಕೊಡುತ್ತಿದ್ದವರಿಗೆಲ್ಲ ಎರರ್. ಪೋಸ್ಟ್‌ಗ್ರೆಸ್ ಲಾಗ್‌ನಲ್ಲಿ ಸಿಗ್ನಲ್ 9 ಎಂಬ ಉಲ್ಲೇಖ ಹುಡುಕಿ, ಡಿಪ್ಲಾಯ್ ಮಾಡಿದ ಹೊತ್ತಿನೊಂದಿಗೆ ಹೋಲಿಸಿ ನೋಡಿ.

ಈ ವಾರ ದಾಟಿಸಲು 2 ಜಿಬಿ ಸ್ವಾಪ್, ಅಂದರೆ ರ‍್ಯಾಮ್ ಸಾಲದಾಗ ಬಳಸುವ ಡಿಸ್ಕ್ ಜಾಗ, ಹಾಕಿಕೊಳ್ಳಿ. ಫಾಲೊಕೇಟ್‌ನಿಂದ 2 ಜಿಬಿ ಕಡತ, ಅದಕ್ಕೆ 600 ಅನುಮತಿ, ಎಂಕೆಸ್ವಾಪ್, ಸ್ವಾಪಾನ್, ಕೊನೆಗೆ ಎಫ್‌ಎಸ್‌ಟ್ಯಾಬ್‌ನಲ್ಲಿ ಒಂದು ಸಾಲು. ಆ ಕೊನೆಯ ಸಾಲು ಮರೆತರೆ ಸರ್ವರ್ ರೀಬೂಟ್ ಆದ ದಿನ ಸ್ವಾಪ್ ಮಾಯ. ಸ್ವಾಪ್ ಇದ್ದರೆ ಬಿಲ್ಡ್ ಸಾಯುವ ಬದಲು ತೆವಳುತ್ತದೆ. ಅದು ತೆವಳುವಷ್ಟು ಹೊತ್ತೂ ಎಪಿಐ ಕೂಡ ತೆವಳುತ್ತದೆ. ಹಾಗಾಗಿ ಇದು ತಾತ್ಕಾಲಿಕ ಏರ್ಪಾಡು ಮಾತ್ರ.

ಖಾಯಂ ಪರಿಹಾರ ಬಿಲ್ಡನ್ನು ಹೊರಗೆ ಒಯ್ಯುವುದು. ತನ್ನ ಯಂತ್ರಗಳಲ್ಲಿ ನಮ್ಮ ಬಿಲ್ಡ್ ಓಡಿಸಿಕೊಡುವ ಗಿಟ್‌ಹಬ್ ಆಕ್ಷನ್ಸ್ ಖಾಸಗಿ ರೆಪೊಗಳಿಗೂ (ಕೋಡ್ ಭಂಡಾರ) ಉಚಿತ ಖಾತೆಯಲ್ಲಿ ತಿಂಗಳಿಗೆ 2000 ನಿಮಿಷ ಕೊಡುತ್ತದೆ. ಒಂದು ಬಿಲ್ಡ್‌ಗೆ 3 ನಿಮಿಷ ಹಿಡಿದರೂ ಒಂದು ಅಂಗಡಿಯ ಸೈಟ್‌ಗೆ ಬೇಕಾದಷ್ಟಾಯಿತು. ಅಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಬಳಸಿ. ಇನ್‌ಸ್ಟಾಲ್ ಆದೇಶ, ಪ್ಯಾಕೇಜ್‌ಗಳ ನಿಖರ ಆವೃತ್ತಿ ಬರೆದಿರುವ ಲಾಕ್ ಕಡತವನ್ನೇ ಬದಲಿಸಬಹುದು. ಸಿಐ ಹಳೆಯ ನೋಡ್-ಮಾಡ್ಯೂಲ್ಸ್ (ಇಳಿಸಿದ ಪ್ಯಾಕೇಜ್‌ಗಳ ಫೋಲ್ಡರ್) ಅಳಿಸಿ, ಲಾಕ್‌ನಲ್ಲಿ ಇರುವ ಆವೃತ್ತಿಗಳನ್ನೇ ಇಳಿಸುತ್ತದೆ, ಪ್ಯಾಕೇಜ್ ಕಡತಕ್ಕೂ ಲಾಕ್‌ಗೂ ತಾಳೆಯಾಗದಿದ್ದರೆ ಅಲ್ಲೇ ನಿಲ್ಲುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಚಾಕ್, ಡಿಬಗ್ ಮುಂತಾದ ಪ್ಯಾಕೇಜ್‌ಗಳಿಗೆ ಕೆಲವು ಗಂಟೆ ಕಾಲ ದುರುದ್ದೇಶದ ಆವೃತ್ತಿಗಳು ಸೇರಿಕೊಂಡಿದ್ದವು. ಅವನ್ನು ನೋಡಿಕೊಳ್ಳುವವರ ಖಾತೆಯೇ ಫಿಶಿಂಗ್‌ಗೆ ಸಿಕ್ಕಿತ್ತು. ಆ ಹೊತ್ತಿನಲ್ಲಿ ಹಳೆಯ ಲಾಕ್ ಇಟ್ಟುಕೊಂಡು ಸಿಐ ಓಡಿಸಿದವರಿಗೆ ಹಳೆಯ ಒಳ್ಳೆಯ ಆವೃತ್ತಿಯೇ ಸಿಕ್ಕಿತು.

ಇಲ್ಲಿ ಎಡವುವ ಜಾಗ ಎರಡು. ಒಂದು ನೋಡ್ ಆವೃತ್ತಿ. ವೀಟ್ 7ಕ್ಕೆ ನೋಡ್ 20.19 ಅಥವಾ 22.12ರಿಂದ ಮೇಲಿನದು ಬೇಕು. ಲ್ಯಾಪ್‌ಟಾಪ್, ಬಿಲ್ಡ್ ಯಂತ್ರ, ಸರ್ವರ್ ಮೂರರಲ್ಲೂ ಒಂದೇ ಪ್ರಮುಖ ಆವೃತ್ತಿ ಇರುವಂತೆ ನೋಡಿಕೊಳ್ಳಿ. ಎನ್‌ವಿಎಂಆರ್‌ಸಿ ಕಡತದಲ್ಲಿ ಅದನ್ನು ಬರೆದಿಟ್ಟು ರೆಪೊಗೆ ಸೇರಿಸಿ. ಎರಡನೆಯದು ನೇಟಿವ್ ಮಾಡ್ಯೂಲ್‌ಗಳು. ಬಿಕ್ರಿಪ್ಟ್, ಶಾರ್ಪ್‌ನಂಥವು ಆಯಾ ಆಪರೇಟಿಂಗ್ ಸಿಸ್ಟಂ ಮತ್ತು ಪ್ರೊಸೆಸರ್‌ಗೆ ತಕ್ಕ ಬೈನರಿ ಇಳಿಸಿಕೊಳ್ಳುತ್ತವೆ. ಮ್ಯಾಕ್‌ನಲ್ಲಿ ಆದ ನೋಡ್-ಮಾಡ್ಯೂಲ್ಸ್ ಫೋಲ್ಡರನ್ನು ಉಬುಂಟುಗೆ ನಕಲು ಮಾಡಿದರೆ ‘ಇನ್‌ವ್ಯಾಲಿಡ್ ಇಎಲ್‌ಎಫ್ ಹೆಡರ್’ ಎಂದು ಎಪಿಐ ಏಳುವುದೇ ಇಲ್ಲ. ಮುಂಭಾಗದ ಡಿಸ್ಟ್ ಫೋಲ್ಡರ್‌ಗೆ (ಬಿಲ್ಡ್‌ನ ಫಲ ಇರುವುದು ಇಲ್ಲಿ) ಈ ಚಿಂತೆ ಇಲ್ಲ, ಬ್ರೌಸರ್ ಓದುವ ಕಡತಗಳಷ್ಟೇ ಅಲ್ಲಿರುತ್ತವೆ. ಎಪಿಐಗೆ ಮಾತ್ರ ಅವಲಂಬನೆಗಳನ್ನು ಸರ್ವರ್‌ನಲ್ಲೇ, ಹೊಸ ಫೋಲ್ಡರ್‌ನಲ್ಲಿ, ಎನ್‌ಪಿಎಂ ಸಿಐಗೆ ಓಮಿಟ್-ಡೆವ್ ಆಯ್ಕೆ ಕೊಟ್ಟು ಇಳಿಸಿ. ವೀಟ್, ಟೈಪ್‌ಸ್ಕ್ರಿಪ್ಟ್, ಇಎಸ್‌ಲಿಂಟ್ ಯಾವುದೂ ಬರುವುದಿಲ್ಲವಾದ್ದರಿಂದ 1 ಜಿಬಿಗೆ ಅದು ಭಾರವಾಗದು.

ಈಗ ಸರ್ವರ್‌ನ ಒಳಗಿನ ಜೋಡಣೆ. ಎಸ್‌ಆರ್‌ವಿ ಡೈರೆಕ್ಟರಿಯ ಕೆಳಗೆ ನಿಮ್ಮ ಸೈಟ್‌ಗೆ ಒಂದು ಫೋಲ್ಡರ್, ಅದರೊಳಗೆ ‘ರಿಲೀಸಸ್’ ಮತ್ತು ‘ಶೇರ್ಡ್’. ಪ್ರತಿ ಡಿಪ್ಲಾಯ್‌ಗೂ ರಿಲೀಸಸ್ ಒಳಗೆ ದಿನಾಂಕ, ಗಂಟೆ, ಗಿಟ್ ಕಮಿಟ್‌ನ ಗುರುತಿನ ಮೊದಲ 7 ಅಕ್ಷರ ಸೇರಿಸಿ ಹೊಸ ಫೋಲ್ಡರ್. ಗ್ರಾಹಕರು ಅಪ್‌ಲೋಡ್ ಮಾಡುವ ಚಿತ್ರಗಳು ಶೇರ್ಡ್‌ನಲ್ಲೇ ಇರಬೇಕು. ಅವು ಕೋಡ್‌ನ ಜೊತೆ ಇದ್ದರೆ ಹೊಸ ಫೋಲ್ಡರ್‌ಗೆ ಬದಲಾದ ದಿನ ಎಲ್ಲ ಸೀರೆಗಳ ಫೋಟೊ ಒಟ್ಟಿಗೆ ಕಾಣೆ. ಇನ್ನು ಎರಡು ಸಿಮ್‌ಲಿಂಕ್: ಒಂದು ಎಪಿಐಗೆ, ಒಂದು ವೆಬ್ ಪುಟಗಳಿಗೆ. ಎರಡೂ ಸದ್ಯ ಓಡುತ್ತಿರುವ ರಿಲೀಸ್ ಕಡೆಗೆ ಬೊಟ್ಟು ಮಾಡುತ್ತವೆ. ಒಂದೇ ಲಿಂಕ್ ಸಾಲದೇ ಎಂದರೆ ಸಾಲದು, ಕಾರಣ ಮುಂದೆ ಬರುತ್ತದೆ.

ಲಿಂಕ್ ಬದಲಿಸುವ ರೀತಿಯಲ್ಲೂ ಒಂದು ಸೂಕ್ಷ್ಮ ಇದೆ. ಎಲ್ಲರೂ ಎಲ್‌ಎನ್ ಆದೇಶಕ್ಕೆ ಎಸ್, ಎಫ್, ಎನ್ ಆಯ್ಕೆ ಕೊಟ್ಟು ಬದಲಿಸುತ್ತಾರೆ. ಅದು ಹಳೆಯ ಲಿಂಕನ್ನು ಮೊದಲು ಅಳಿಸಿ ಆಮೇಲೆ ಹೊಸದನ್ನು ಮಾಡಬಹುದು. ನಡುವಿನ ಚಿಟಿಕೆ ಹೊತ್ತಿನಲ್ಲಿ ಬಂದ ಕೋರಿಕೆಗೆ ಫೋಲ್ಡರೇ ಇಲ್ಲ. ತಾತ್ಕಾಲಿಕ ಹೆಸರಿನಲ್ಲಿ ಹೊಸ ಲಿಂಕ್ ಮಾಡಿಕೊಂಡು, ಎಂವಿ ಆದೇಶಕ್ಕೆ ದೊಡ್ಡ ಟಿ ಆಯ್ಕೆ ಕೊಟ್ಟು ಅದನ್ನು ಹಳೆಯ ಹೆಸರಿನ ಮೇಲೆ ಇಟ್ಟರೆ ಬದಲಾವಣೆ ಒಂದೇ ಏಟಿಗೆ ಆಗುತ್ತದೆ. ಆ ದೊಡ್ಡ ಟಿ ಬಿಟ್ಟರೆ ಹೊಸ ಲಿಂಕ್ ಹಳೆಯ ರಿಲೀಸ್ ಫೋಲ್ಡರ್‌ನ ಒಳಗೆ ಹೋಗಿ ಕೂರುತ್ತದೆ, ಸೈಟ್ ಮಾತ್ರ ಹಳೆಯದೇ ಇರುತ್ತದೆ. ‘ಡಿಪ್ಲಾಯ್ ಆಯಿತು, ಏನೂ ಬದಲಾಗಿಲ್ಲ’ ಎಂಬ ದೂರಿನ ಹಿಂದೆ ಇದು ಇರುವುದುಂಟು. ಹಳೆಯ ರಿಲೀಸ್‌ಗಳಲ್ಲಿ ಇತ್ತೀಚಿನ 5 ಉಳಿಸಿ ಮಿಕ್ಕದ್ದು ಅಳಿಸಿ. ಪ್ರತಿಯೊಂದರಲ್ಲೂ ನೋಡ್-ಮಾಡ್ಯೂಲ್ಸ್ ಇರುವುದರಿಂದ 25 ಜಿಬಿ ಡಿಸ್ಕ್ ಕೆಲವೇ ತಿಂಗಳಲ್ಲಿ ತುಂಬಬಹುದು. ಡಿಸ್ಕ್ ತುಂಬಿದರೆ ಮೊದಲು ನರಳುವುದು ಪೋಸ್ಟ್‌ಗ್ರೆಸ್.

502ಕ್ಕೆ ಬರೋಣ. ಎಂಜಿನ್‌ಎಕ್ಸ್ ಎಪಿಐ ಬಾಗಿಲು ತಟ್ಟಿತು, ಒಳಗೆ ಯಾರೂ ಇಲ್ಲ ಎಂಬುದು ಇದರ ಅರ್ಥ. ಎರರ್ ಲಾಗ್‌ನಲ್ಲಿ 111 ಸಂಖ್ಯೆಯೊಂದಿಗೆ ‘ಕನೆಕ್ಷನ್ ರೆಫ್ಯೂಸ್ಡ್’ ಇರುತ್ತದೆ. 504 ಬಂದರೆ ಆಸಾಮಿ ಒಳಗಿದ್ದಾನೆ, 60 ಸೆಕೆಂಡಾದರೂ ಉತ್ತರ ಕೊಡಲಿಲ್ಲ ಎಂದು. ಪಿಎಂ2 ರಿಸ್ಟಾರ್ಟ್‌ಗೆ ಕೆಲವು ಸೆಕೆಂಡು ಸಾಕು, ಎರಡು ನಿಮಿಷ ಬೇಡ. ಹಾಗಾದರೆ ಮಿಕ್ಕ ಹೊತ್ತು ಎಲ್ಲಿಯದು? ಬಹುಶಃ ಎನ್‌ಪಿಎಂ ಇನ್‌ಸ್ಟಾಲ್‌ನದು. ಓಡುತ್ತಿರುವ ಎಪಿಐಯ ಕಾಲ ಕೆಳಗಿನ ನೋಡ್-ಮಾಡ್ಯೂಲ್ಸ್ ಬದಲಾಗುತ್ತಿರುವಾಗ, ಅದು ತಡವಾಗಿ ಲೋಡ್ ಮಾಡುವ ಯಾವುದೋ ಮಾಡ್ಯೂಲ್ ಸಿಗದೆ ಬೀಳುತ್ತದೆ. ಪಿಎಂ2 ಎಬ್ಬಿಸುತ್ತದೆ, ಮತ್ತೆ ಬೀಳುತ್ತದೆ. ಪಿಎಂ2 ಪಟ್ಟಿಯಲ್ಲಿ ರಿಸ್ಟಾರ್ಟ್ ಎಣಿಕೆ ಒಂದೇ ಡಿಪ್ಲಾಯ್‌ಗೆ ಹತ್ತಿಪ್ಪತ್ತು ಏರಿದ್ದರೆ ಇದೇ ಕಾರಣ. ಬೇರೆ ಫೋಲ್ಡರ್‌ನಲ್ಲಿ ಇಳಿಸಿದ ಕೂಡಲೇ ಈ ಪಾಲು ಹೋಗುತ್ತದೆ.

ಉಳಿದ ಕೆಲವು ಸೆಕೆಂಡಿಗೆ ಎಪಿಐಯ ಎರಡು ಪ್ರತಿ ಓಡಿಸಿ, 3000 ಮತ್ತು 3001 ಪೋರ್ಟ್‌ಗಳಲ್ಲಿ. ಇದಕ್ಕೆ ಪಿಎಂ2ಗಿಂತ, ಸರ್ವರ್‌ನ ಪ್ರೋಸೆಸ್‌ಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿ ವಾಸಿ ಎಂಬುದು ನನ್ನ ಅಭಿಪ್ರಾಯ. ಅದು ಉಬುಂಟುವಿನಲ್ಲಿ ಹೇಗೂ ಇದೆ, ಲಾಗ್‌ಗಳ ಗಾತ್ರ ಹಿಡಿತದಲ್ಲಿಡುತ್ತದೆ. ಪಿಎಂ2 ಲಾಗ್‌ಗಳನ್ನು ಕತ್ತರಿಸಲು ಬೇರೆ ಮಾಡ್ಯೂಲ್ ಬೇಕು. ಜೊತೆಗೆ ಪಿಎಂ2 ಮೊದಲ ಸಲ ಏಳುವಾಗ ಸಿಮ್‌ಲಿಂಕ್‌ನ ಹಿಂದಿನ ನಿಜವಾದ ಫೋಲ್ಡರನ್ನು ನೆನಪಿಟ್ಟುಕೊಂಡು, ರೀಲೋಡ್ ಮಾಡಿದರೂ ಹಳೆಯ ರಿಲೀಸನ್ನೇ ಎಬ್ಬಿಸುವುದುಂಟು. ಸಿಸ್ಟಮ್‌ಡಿಯಲ್ಲಿ ಹೆಸರಿನ ಕೊನೆಗೆ ಅಟ್ ಚಿಹ್ನೆ ಇರುವ ಟೆಂಪ್ಲೇಟ್ ಯೂನಿಟ್ (ಸೇವೆಯ ವಿವರದ ಕಡತ) ಬರೆದರೆ, ಆ ಚಿಹ್ನೆಯ ಮುಂದೆ ಕೊಡುವ 3000 ಅಥವಾ 3001 ಎಂಬುದೇ ಪೋರ್ಟ್ ಆಗಿ ಒಳಗೆ ಹೋಗುತ್ತದೆ. ಒಂದೇ ಕಡತದಿಂದ ಎರಡು ಪ್ರತಿ. ವರ್ಕಿಂಗ್ ಡೈರೆಕ್ಟರಿಗೆ ಎಪಿಐ ಸಿಮ್‌ಲಿಂಕ್, ಯೂಸರ್ ಬೇರೆ, ರೂಟ್ ಅಲ್ಲ, ರಿಸ್ಟಾರ್ಟ್‌ಗೆ ಆಲ್ವೇಸ್, ರಿಸ್ಟಾರ್ಟ್-ಸೆಕೆಂಡ್ 3. ಈ ಕೊನೆಯದನ್ನು ಬಿಡಬೇಡಿ. ಅದಿಲ್ಲದೆ ಪ್ರೋಸೆಸ್ ಕ್ಷಣಕ್ಷಣಕ್ಕೂ ಬಿದ್ದೆದ್ದರೆ, 10 ಸೆಕೆಂಡಿನಲ್ಲಿ 5 ಸಲ ಎಂಬ ಮಿತಿ ಮುಟ್ಟಿ ಸಿಸ್ಟಮ್‌ಡಿ ಕೈಚೆಲ್ಲುತ್ತದೆ. ಮೆಮೊರಿ-ಮ್ಯಾಕ್ಸ್ 250 ಎಂಬಿ ಕೊಟ್ಟರೆ ಎಲ್ಲೋ ಸೋರಿಕೆ ಇದ್ದಾಗ ಆ ಪ್ರತಿ ಮಾತ್ರ ಸಾಯುತ್ತದೆ, ಪೋಸ್ಟ್‌ಗ್ರೆಸ್ ಬದುಕುತ್ತದೆ. ಎಕ್ಸೆಕ್-ಸ್ಟಾರ್ಟ್‌ನಲ್ಲಿ ಎನ್‌ಪಿಎಂ ಸ್ಟಾರ್ಟ್ ಎಂದು ಬರೆಯದೆ ನೇರ ನೋಡ್ ಮತ್ತು ಕಡತದ ಹೆಸರು ಬರೆಯಿರಿ. ನಡುವೆ ಎನ್‌ಪಿಎಂ ಇದ್ದರೆ ಸಿಗ್ನಲ್‌ಗಳು ಆ್ಯಪ್‌ಗೆ ಸರಿಯಾಗಿ ತಲುಪುವ ಭರವಸೆ ಇಲ್ಲ.

ಸಿಗ್ನಲ್ ತಲುಪುವುದು ಮುಖ್ಯ, ಏಕೆಂದರೆ ಸಿಸ್ಟಮ್‌ಡಿ ನಿಲ್ಲಿಸುವಾಗ ಮೊದಲು ಸಿಗ್‌ಟರ್ಮ್ (‘ಮುಗಿಸಿ ಹೊರಡು’ ಎಂಬ ಸಿಗ್ನಲ್) ಕಳಿಸಿ 90 ಸೆಕೆಂಡ್ ಕಾಯುತ್ತದೆ. ಆ ಸಿಗ್ನಲ್ ಬಂದಾಗ ನಿಮ್ಮ ಕೋಡ್ ಸರ್ವರ್‌ನ ಕ್ಲೋಸ್ ಕರೆದು, ಕೈಯಲ್ಲಿರುವ ಕೋರಿಕೆಗಳನ್ನು ಮುಗಿಸಿ, ಡೇಟಾಬೇಸ್ ಸಂಪರ್ಕಗಳ ಪೂಲ್ ಮುಚ್ಚಿ ಹೊರಡಬೇಕು. ಇದನ್ನು ಬರೆಯದಿದ್ದರೆ ನೋಡ್ ಸಿಗ್‌ಟರ್ಮ್ ಬಂದ ಕೂಡಲೇ ಸಾಯುತ್ತದೆ, ಹಣ ಕಟ್ಟುತ್ತಿದ್ದ ಗ್ರಾಹಕ ನಡುದಾರಿಯಲ್ಲಿ. 10 ಸೆಕೆಂಡಾದರೂ ಮುಗಿಯದಿದ್ದರೆ ತಾನೇ ಹೊರಬೀಳುವ ಟೈಮರ್ ಒಂದಿರಲಿ. ಪಿಎಂ2ನಲ್ಲೇ ಉಳಿಯುವವರು ಗಮನಿಸಿ: ಅಲ್ಲಿ ಬರುವುದು ಸಿಗ್‌ಇಂಟ್ ಎಂಬ ಬೇರೆ ಸಿಗ್ನಲ್, ಕೊಡುವ ಸಮಯ 1.6 ಸೆಕೆಂಡ್ ಮಾತ್ರ, ಕಿಲ್-ಟೈಮ್‌ಔಟ್ ಏರಿಸಿಕೊಳ್ಳಬೇಕು.

ಎಂಜಿನ್‌ಎಕ್ಸ್‌ನ ಅಪ್‌ಸ್ಟ್ರೀಮ್‌ನಲ್ಲಿ (ಕೋರಿಕೆ ಕಳಿಸಬೇಕಾದ ವಿಳಾಸಗಳ ಪಟ್ಟಿ) ಎರಡೂ ಪೋರ್ಟ್ ಬರೆಯಿರಿ. ಲೋಕಲ್‌ಹೋಸ್ಟ್ ಎನ್ನದೆ 127.0.0.1 ಎಂದೇ ಬರೆಯಿರಿ. ಲೋಕಲ್‌ಹೋಸ್ಟ್ ಐಪಿವಿ6 ವಿಳಾಸಕ್ಕೂ ಹೋಗುವುದರಿಂದ ಒಮ್ಮೆ ಸಿಕ್ಕಿ ಒಮ್ಮೆ ಸಿಗದ ವಿಚಿತ್ರ 502 ಬರಬಹುದು. ಒಂದು ಪ್ರತಿ ಬಾಗಿಲು ತೆರೆಯದಿದ್ದರೆ ಎಂಜಿನ್‌ಎಕ್ಸ್ ಸದ್ದಿಲ್ಲದೆ ಇನ್ನೊಂದರ ಹತ್ತಿರ ಹೋಗುತ್ತದೆ. ಆರ್ಡರ್‌ನಂಥ ಮಾಹಿತಿ ಕಳಿಸುವ ಪೋಸ್ಟ್ ಕೋರಿಕೆಯ ವಿಷಯದಲ್ಲಿ ಅದು ಎಚ್ಚರಿಕೆಯಿಂದಿದೆ: ಕೋರಿಕೆ ಒಂದು ಪ್ರತಿಗೆ ಹೋಗಿಬಿಟ್ಟಿದ್ದರೆ ಇನ್ನೊಂದಕ್ಕೆ ಮತ್ತೆ ಕಳಿಸುವುದಿಲ್ಲ. ಒಂದು ಆರ್ಡರ್ ಎರಡಾಗದಿರಲಿ ಎಂದು. ಯಾರೋ ಹೇಳಿದರೆಂದು ಅದನ್ನೂ ಮತ್ತೆ ಕಳಿಸುವಂತೆ ಮಾಡುವ ನಾನ್-ಐಡೆಂಪೊಟೆಂಟ್ ಆಯ್ಕೆ ಸೇರಿಸಬೇಡಿ. ಗ್ರಾಹಕರು ಎಚ್‌ಟಿಟಿಪಿಎಸ್‌ನಲ್ಲಿ ಬಂದರೆಂದು ಎಪಿಐಗೆ ತಿಳಿಸುವ ಎಕ್ಸ್-ಫಾರ್ವರ್ಡೆಡ್-ಪ್ರೊಟೊ ಹೆಡರ್ ಕಳಿಸಿ, ಎಕ್ಸ್‌ಪ್ರೆಸ್‌ನಲ್ಲಿ ಟ್ರಸ್ಟ್ ಪ್ರಾಕ್ಸಿಯನ್ನು 1ಕ್ಕೆ ಇಡಿ. ಇಲ್ಲವಾದರೆ ಸೆಕ್ಯೂರ್ ಸೆಷನ್ ಕುಕಿ ಕೂರದೆ ಲಾಗಿನ್ ಆದವರು ಮತ್ತೆ ಲಾಗಿನ್ ಪುಟಕ್ಕೇ ಬರುತ್ತಾರೆ. ಫೋಟೊ ಅಪ್‌ಲೋಡ್‌ಗೆ 413 (‘ತುಂಬ ದೊಡ್ಡದು’ ಎಂಬ ಎರರ್) ಬಂದರೆ ಎಂಜಿನ್‌ಎಕ್ಸ್‌ನ ಸಹಜ ಮಿತಿ 1 ಎಂಬಿ ಎಂಬುದು ನೆನಪಿರಲಿ.

ಡಿಪ್ಲಾಯ್ ಸ್ಕ್ರಿಪ್ಟ್‌ನ ಕ್ರಮ ಹೀಗೆ. ಹೊಸ ರಿಲೀಸ್ ಇಳಿಸಿ. ಡೇಟಾಬೇಸ್ ಮೈಗ್ರೇಶನ್ (ಟೇಬಲ್‌ಗಳ ರಚನೆಯ ಬದಲಾವಣೆ) ಓಡಿಸಿ. ಎಪಿಐ ಲಿಂಕ್ ಬದಲಿಸಿ, 3000 ಪ್ರತಿಯನ್ನು ಮಾತ್ರ ರಿಸ್ಟಾರ್ಟ್ ಮಾಡಿ. ಸಿಸ್ಟಮ್‌ಡಿ ‘ಆಯಿತು’ ಎಂದಾಕ್ಷಣ ನಂಬಬೇಡಿ, ಪ್ರೋಸೆಸ್ ಹುಟ್ಟಿತು ಎಂದಷ್ಟೇ ಅದಕ್ಕೆ ಗೊತ್ತು, ಪೋರ್ಟ್ ತೆರೆದಿದೆಯೇ ಎಂದಲ್ಲ. ವಿಳಾಸಕ್ಕೆ ಕೋರಿಕೆ ಕಳಿಸುವ ಕರ್ಲ್ ಆದೇಶಕ್ಕೆ ರಿಟ್ರೈ 10, ಡಿಲೇ 1, ಜೊತೆಗೆ ರಿಟ್ರೈ-ಕನ್‌ರೆಫ್ಯೂಸ್ಡ್ ಕೊಟ್ಟು 3000ದ ಹೆಲ್ತ್ ವಿಳಾಸ (ಎಪಿಐ ನೆಟ್ಟಗಿದೆಯೇ ಎಂದು ಹೇಳುವ ವಿಳಾಸ) ಕೇಳಿಸಿ. ಎರರ್ ಉತ್ತರ ಬಂದರೆ ಸ್ಕ್ರಿಪ್ಟ್ ನಿಲ್ಲುವಂತೆ ಫೇಲ್ ಆಯ್ಕೆಯೂ ಬೇಕು. ಆ ಹೆಲ್ತ್ ವಿಳಾಸ ಡೇಟಾಬೇಸ್‌ಗೆ ‘ಸೆಲೆಕ್ಟ್ 1’ ಕೇಳಿ ನೋಡಲಿ, ಬರೀ ‘ಓಕೆ’ ಎಂದರೆ ಸಾಲದು. ಉತ್ತರ 200 ಬಂದಮೇಲೆ 3001. ಅದೂ ಎದ್ದಮೇಲೆ ವೆಬ್ ಲಿಂಕ್. ಎರಡು ಲಿಂಕ್ ಬೇಕೆಂದದ್ದು ಇದಕ್ಕೇ: ಹೊಸ ಪುಟ ಹಳೆಯ ಎಪಿಐಯನ್ನು ಕರೆದು, ಅದರಲ್ಲಿಲ್ಲದ ವಿಳಾಸಕ್ಕೆ 404 ತಿನ್ನಬಾರದು. ಹೆಲ್ತ್ ಉತ್ತರ ಬರದಿದ್ದರೆ ಲಿಂಕನ್ನು ಹಿಂದಿನ ರಿಲೀಸ್‌ಗೆ ತಿರುಗಿಸಿ 3000ವನ್ನು ಮತ್ತೆ ರಿಸ್ಟಾರ್ಟ್ ಮಾಡಿ ಅಲ್ಲೇ ನಿಲ್ಲಬೇಕು. ಡಿಪ್ಲಾಯ್ ಯೂಸರ್‌ಗೆ ಪೂರ್ತಿ ಸುಡೊ (ರೂಟ್ ಅಧಿಕಾರ) ಕೊಡಬೇಡಿ. ಸುಡೊಯರ್ಸ್‌ನಲ್ಲಿ ಈ ಎರಡು ರಿಸ್ಟಾರ್ಟ್ ಆದೇಶಗಳಷ್ಟೇ ಇರಲಿ.

ಬಿಳಿ ಪುಟದ ಕಥೆ ಇದಕ್ಕಿಂತ ಸ್ವಾರಸ್ಯ. ವೀಟ್ ಪ್ರತಿ ಬಿಲ್ಡ್‌ನಲ್ಲೂ ಕಡತದ ಒಳಗಿನ ಹೂರಣ ನೋಡಿ ಹೆಸರಿಗೆ ಹ್ಯಾಶ್ (ಆ ಹೂರಣದಿಂದ ಹುಟ್ಟುವ ಅಕ್ಷರಗುಚ್ಛ) ಅಂಟಿಸುತ್ತದೆ. ಹೂರಣ ಬದಲಾದರೆ ಹೆಸರೂ ಬದಲು. ಹೊಸದನ್ನು ಬರೆಯುವ ಮುನ್ನ ಡಿಸ್ಟ್ ಫೋಲ್ಡರನ್ನು ಖಾಲಿ ಮಾಡುತ್ತದೆ. ಬೆಳಿಗ್ಗೆ ಸೈಟ್ ತೆರೆದಿಟ್ಟ ಗ್ರಾಹಕಿಯ ಬ್ರೌಸರ್‌ನಲ್ಲಿ ಹಳೆಯ ಪುಟ ಇದೆ. ನೀವು ಮಧ್ಯಾಹ್ನ ಡಿಪ್ಲಾಯ್ ಮಾಡಿದಿರಿ. ಆಕೆ ಸಂಜೆ ‘ನನ್ನ ಆರ್ಡರ್‌ಗಳು’ ಒತ್ತಿದಾಗ ಹಳೆಯ ಪುಟ ಹಳೆಯ ಹ್ಯಾಶ್ ಇರುವ ಚಂಕ್ (ಜಾವಾಸ್ಕ್ರಿಪ್ಟ್‌ನ ತುಂಡು ಕಡತ) ಕೇಳುತ್ತದೆ. ಅದು ಸರ್ವರ್‌ನಲ್ಲಿಲ್ಲ. ಇಲ್ಲಿಗೆ 404 ಬರಬೇಕಿತ್ತು. ಆದರೆ ಒಳಪುಟದಲ್ಲಿ ರಿಫ್ರೆಶ್ ಮಾಡಿದರೆ 404 ಬರದಿರಲೆಂದು, ಸಿಗದ ಎಲ್ಲ ವಿಳಾಸಕ್ಕೂ ಇಂಡೆಕ್ಸ್ ಪುಟ ಕೊಡು ಎಂದು ಎಂಜಿನ್‌ಎಕ್ಸ್‌ನ ಟ್ರೈ-ಫೈಲ್ಸ್‌ನಲ್ಲಿ ಬರೆದಿರುತ್ತೀರಿ. ಜಾವಾಸ್ಕ್ರಿಪ್ಟ್ ಕೇಳಿದ ಬ್ರೌಸರ್‌ಗೆ 200 ಉತ್ತರದೊಂದಿಗೆ ಎಚ್‌ಟಿಎಂಎಲ್ ಸಿಗುತ್ತದೆ. ಕನ್ಸೋಲ್‌ನಲ್ಲಿ ಮೈಮ್ ಟೈಪ್ (ಕಡತದ ಬಗೆ) ಕುರಿತ ಎರರ್, ತೆರೆಯ ಮೇಲೆ ಬಿಳಿ. ನಿಮ್ಮ ಲಾಗ್‌ನಲ್ಲಿ ಎಲ್ಲವೂ 200 ಆದ್ದರಿಂದ ತೊಂದರೆಯ ಸುಳಿವೂ ಇರುವುದಿಲ್ಲ.

ರಿಲೀಸ್ ಫೋಲ್ಡರ್ ಪದ್ಧತಿಗೆ ಬದಲಾದರೂ ಇದು ತಾನಾಗಿ ಹೋಗದು, ಲಿಂಕ್ ತಿರುಗಿದ ಕೂಡಲೇ ಹಳೆಯ ಚಂಕ್‌ಗಳು ಕಣ್ಮರೆಯಾಗುತ್ತವೆ. ಮಾಡಬೇಕಾದ್ದು: ಈ ಚಂಕ್‌ಗಳಿರುವ ಅಸೆಟ್ಸ್ ಫೋಲ್ಡರನ್ನು ಶೇರ್ಡ್‌ನಲ್ಲಿ ಇಡಿ. ಪ್ರತಿ ಡಿಪ್ಲಾಯ್‌ನಲ್ಲೂ ಕಡತ ನಕಲಿಸುವ ಆರ್‌ಸಿಂಕ್‌ನಿಂದ, ಡಿಲೀಟ್ ಆಯ್ಕೆ ಕೊಡದೆ, ಹೊಸ ಅಸೆಟ್‌ಗಳನ್ನು ಅದಕ್ಕೆ ಸೇರಿಸಿ. ಹೆಸರಿನಲ್ಲಿ ಹ್ಯಾಶ್ ಇರುವುದರಿಂದ ಹೊಸದು ಹಳೆಯದನ್ನು ತುಳಿಯುವುದಿಲ್ಲ. ವೆಬ್ ಲಿಂಕ್ ತಿರುಗುವ ಮೊದಲೇ ಇದು ಮುಗಿದಿರಲಿ. ಎಂಜಿನ್‌ಎಕ್ಸ್‌ನಲ್ಲಿ ಅಸೆಟ್ಸ್ ಲೊಕೇಶನ್‌ಗೆ ಬೇರೆ ಬ್ಲಾಕ್: ರೂಟ್ ಶೇರ್ಡ್ ಫೋಲ್ಡರ್, ಟ್ರೈ-ಫೈಲ್ಸ್ ಸಿಗದಿದ್ದರೆ ಖಡಾಖಂಡಿತ 404, ಕ್ಯಾಶೆ-ಕಂಟ್ರೋಲ್ ಹೆಡರ್‌ಗೆ ಪಬ್ಲಿಕ್, ಮ್ಯಾಕ್ಸ್-ಏಜ್ 31536000, ಇಮ್ಯೂಟಬಲ್. ಆ ಸಂಖ್ಯೆ 365 ದಿನಗಳ ಸೆಕೆಂಡು. ಇಂಡೆಕ್ಸ್ ಪುಟಕ್ಕೆ ಮಾತ್ರ ನೋ-ಕ್ಯಾಶೆ. ಅದರರ್ಥ ಇಟ್ಟುಕೊಳ್ಳಬೇಡ ಎಂದಲ್ಲ, ಬಳಸುವ ಮೊದಲು ಪ್ರತಿ ಸಲ ಸರ್ವರನ್ನು ಕೇಳು ಎಂದು. ಇವೆರಡೂ ಅದಲುಬದಲಾದರೆ ಅನಾಹುತ, ಇಂಡೆಕ್ಸ್ ಪುಟಕ್ಕೆ ಒಂದು ವರ್ಷದ ಕ್ಯಾಶೆ ಕೊಟ್ಟರೆ ಆ ಗ್ರಾಹಕರನ್ನು ಸರ್ವರ್ ಕಡೆಯಿಂದ ತಲುಪುವ ದಾರಿಯೇ ಉಳಿಯುವುದಿಲ್ಲ. ಇನ್ನೊಂದು: ಒಳಗಿನ ಬ್ಲಾಕ್‌ನಲ್ಲಿ ಒಂದು ಆ್ಯಡ್-ಹೆಡರ್ ಬರೆದರೂ ಹೊರಗಿನ ಬ್ಲಾಕ್‌ನ ಎಲ್ಲ ಆ್ಯಡ್-ಹೆಡರ್‌ಗಳು ಅಲ್ಲಿಗೆ ಅನ್ವಯಿಸುವುದಿಲ್ಲ. ಭದ್ರತೆಯ ಹೆಡರ್‌ಗಳನ್ನು ಮತ್ತೆ ಬರೆಯಬೇಕು.

ಹಳೆಯ ಅಸೆಟ್‌ಗಳ ಕಸ ಗುಡಿಸುವಾಗ ಒಂದು ಹೊಂಡ ಇದೆ. 30 ದಿನ ಹಳೆಯದನ್ನು ಅಳಿಸು ಎಂದು ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ಗೆ ಹಾಕಿದಿರಿ ಅನ್ನಿ. ದಸರಾ ರಜೆ, ಬೇರೆ ಕೆಲಸ ಅಂತ 31 ದಿನ ಡಿಪ್ಲಾಯ್ ಮಾಡಲಿಲ್ಲ. ಆ ರಾತ್ರಿ ಕ್ರಾನ್ ಸದ್ಯ ಬಳಕೆಯಲ್ಲಿರುವ ಕಡತಗಳನ್ನೇ ಅಳಿಸಿಹಾಕುತ್ತದೆ. ಗುಡಿಸುವ ಕೆಲಸ ಡಿಪ್ಲಾಯ್ ಸ್ಕ್ರಿಪ್ಟ್‌ನ ಕೊನೆಯಲ್ಲೇ ಇರಲಿ. ಆಗಷ್ಟೇ ಬಂದ ಬಿಲ್ಡ್‌ನ ಕಡತಗಳ ದಿನಾಂಕ, ಆರ್‌ಸಿಂಕ್‌ಗೆ ಎ ಆಯ್ಕೆ ಕೊಟ್ಟಿದ್ದರೆ, ಹೇಗೂ ಹೊಸದಾಗಿರುತ್ತದೆ.

ಅದನ್ನೂ ಮೀರಿ ಉಳಿದ ಹಳೆಯ ಟ್ಯಾಬ್‌ಗಳಿಗೆ ವೀಟ್ ಒಂದು ಹಿಡಿಕೆ ಕೊಡುತ್ತದೆ. ಚಂಕ್ ಲೋಡ್ ಆಗದಿದ್ದಾಗ ವಿಂಡೋ ಮೇಲೆ ‘ವೀಟ್: ಪ್ರಿಲೋಡ್‌ಎರರ್’ ಎಂಬ ಈವೆಂಟ್ ಬರುತ್ತದೆ, ಅಲ್ಲಿ ಪುಟವನ್ನು ರೀಲೋಡ್ ಮಾಡಿಸಿ. ರೀಲೋಡ್ ಮಾಡಿದ ಸಮಯವನ್ನು ಸೆಷನ್‌ಸ್ಟೋರೇಜ್‌ನಲ್ಲಿ ಬರೆದಿಟ್ಟು, ಹಿಂದಿನ 10 ಸೆಕೆಂಡಿನೊಳಗೆ ಆಗಿದ್ದರೆ ಮತ್ತೆ ಮಾಡದೆ ಒಂದು ಸಂದೇಶ ತೋರಿಸಿ. ಇಲ್ಲದಿದ್ದರೆ ನೆಟ್‌ವರ್ಕ್ ಹೋದ ಬಸ್ಸಿನಲ್ಲಿ ಕೂತವರ ಫೋನ್ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುತ್ತದೆ.

ಹಳೆಯ ಟ್ಯಾಬ್ ಇರುತ್ತದೆ ಎಂದಮೇಲೆ ಹೊಸ ಎಪಿಐ ಹಳೆಯ ಮುಂಭಾಗಕ್ಕೂ ಉತ್ತರ ಕೊಡಬೇಕು, ಡೇಟಾಬೇಸ್ ಹಳೆಯ ಎಪಿಐಗೂ ಒಗ್ಗಬೇಕು. ಮೈಗ್ರೇಶನ್ ಆದಮೇಲೆ ಕೆಲವು ಸೆಕೆಂಡು 3001ರಲ್ಲಿ ಹಳೆಯ ಕೋಡೇ ಓಡುತ್ತಿರುತ್ತದೆ. ಆದ್ದರಿಂದ ಕಾಲಂ ಹೆಸರನ್ನು ನೇರ ಬದಲಿಸಬೇಡಿ. ಮೊದಲ ಡಿಪ್ಲಾಯ್‌ನಲ್ಲಿ ಹೊಸ ಕಾಲಂ ಸೇರಿಸಿ ಎರಡಕ್ಕೂ ಬರೆಯಿರಿ, ಹಳೆಯ ಸಾಲುಗಳನ್ನು ತುಂಬಿಸಿ. ಎರಡನೆಯದರಲ್ಲಿ ಓದುವುದನ್ನು ಹೊಸದಕ್ಕೆ ತಿರುಗಿಸಿ. ಒಂದು ವಾರ ಬಿಟ್ಟು ಹಳೆಯದನ್ನು ಕಿತ್ತುಹಾಕಿ. ಪೋಸ್ಟ್‌ಗ್ರೆಸ್ 11ರಿಂದ ಸ್ಥಿರ ಡಿಫಾಲ್ಟ್ ಮೌಲ್ಯದ ಕಾಲಂ ಸೇರಿಸಿದರೆ ಟೇಬಲ್ ಪೂರ್ತಿ ಮತ್ತೆ ಬರೆಯುವುದಿಲ್ಲ, ಆದರೂ ಟೇಬಲ್ ಮೇಲೆ ಚಿಕ್ಕದೊಂದು ಬಿಗಿ ಲಾಕ್ (ಬೀಗ) ಬೇಕು. ಉದ್ದದ ಕ್ವೆರಿ ಓಡುತ್ತಿದ್ದರೆ ಮೈಗ್ರೇಶನ್ ಅದಕ್ಕೆ ಕಾಯುತ್ತದೆ, ಮೈಗ್ರೇಶನ್ ಹಿಂದೆ ಉಳಿದವರೆಲ್ಲ ಸಾಲುಗಟ್ಟುತ್ತಾರೆ. ಮೈಗ್ರೇಶನ್‌ನ ಮೊದಲ ಸಾಲಿನಲ್ಲಿ ಲಾಕ್-ಟೈಮ್‌ಔಟ್ 3 ಸೆಕೆಂಡ್ ಇಟ್ಟರೆ ಅದು ಸೋತು ಹಿಂದೆ ಸರಿಯುತ್ತದೆ, ಸೈಟ್ ನಿಲ್ಲುವುದಿಲ್ಲ. ಡೇಟಾಬೇಸ್ ಇಂಡೆಕ್ಸ್ ಸೇರಿಸಲು ಕನ್‌ಕರೆಂಟ್ಲಿ (ಬರೆಯುವವರನ್ನು ತಡೆಯದೆ ಕಟ್ಟುವ ಆಯ್ಕೆ) ಬಳಸಿ. ಅದನ್ನು ಟ್ರಾನ್ಸಾಕ್ಷನ್ ಒಳಗೆ ಓಡಿಸಲಾಗದು, ನಡುವೆ ಸೋತರೆ ‘ಇನ್‌ವ್ಯಾಲಿಡ್’ ಗುರುತಿನ ಇಂಡೆಕ್ಸ್ ಉಳಿಯುತ್ತದೆ. ಅದನ್ನು ಕೈಯಾರೆ ತೆಗೆಯಬೇಕು.

ನೀವು ಕೇಳದ ಒಂದು ಮಾತು, ಆದರೆ ಇದೇ ಜಾಗದಲ್ಲಿ ಬಹಳ ಜನ ಬೀಳುತ್ತಾರೆ. ವೀಟ್‌ನಲ್ಲಿ ‘ವೀಟ್’ ಮತ್ತು ಅಡಿಗೆರೆಯಿಂದ ಶುರುವಾಗುವ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ (ಕೋಡ್‌ನ ಹೊರಗಿಂದ ಕೊಡುವ ಸೆಟ್ಟಿಂಗ್) ಮೌಲ್ಯ ಬಿಲ್ಡ್ ಹೊತ್ತಿನಲ್ಲೇ ಜಾವಾಸ್ಕ್ರಿಪ್ಟ್ ಒಳಗೆ ಅಚ್ಚಾಗುತ್ತದೆ. ಸರ್ವರ್‌ನಲ್ಲಿ ಆಮೇಲೆ ಬದಲಿಸಿದರೆ ಉಪಯೋಗವಿಲ್ಲ. ಪೇಮೆಂಟ್ ಗೇಟ್‌ವೇಯ ರಹಸ್ಯ ಕೀಲಿಗೆ ಆ ಹೆಸರು ಕೊಟ್ಟರೆ ಅದು ಜಗತ್ತಿಗೇ ತೆರೆದ ಪುಸ್ತಕ. ಡಿಸ್ಟ್ ಫೋಲ್ಡರ್‌ನಲ್ಲಿ ಆ ಕೀಲಿಯ ಮೊದಲ ಹತ್ತು ಅಕ್ಷರ ಗ್ರೆಪ್ ಮಾಡಿ ಹುಡುಕಿ. ಸಿಕ್ಕರೆ ಕೀಲಿಯನ್ನು ಇವತ್ತೇ ಬದಲಾಯಿಸಿ, ಕೋಡ್‌ನಿಂದ ತೆಗೆದರೆ ಸಾಲದು. ರಹಸ್ಯಗಳು ಸಿಸ್ಟಮ್‌ಡಿಯ ಎನ್ವಿರಾನ್‌ಮೆಂಟ್ ಫೈಲ್‌ನಲ್ಲಿ, 600 ಅನುಮತಿಯೊಂದಿಗೆ ಇರಲಿ.

ಸೈಟ್‌ನಲ್ಲಿ ಕನ್ನಡ ಪಠ್ಯ ಹೆಚ್ಚಿದ್ದರೆ ಕಂಪ್ರೆಶನ್ ಕಡೆಗೂ ನೋಡಿ. ಯುಟಿಎಫ್-8ರಲ್ಲಿ ನಮ್ಮ ಲಿಪಿಯ ಒಂದೊಂದು ಕೋಡ್ ಪಾಯಿಂಟ್‌ಗೂ 3 ಬೈಟ್ ಬೇಕು. ಅಕ್ಷರಕ್ಕೆ ಗುಣಿತ, ಒತ್ತು ಸೇರಿದರೆ ಇನ್ನಷ್ಟು. ‘ಸ್ತ್ರೀ’ ಎಂಬ ಒಂದೇ ಅಕ್ಷರ 18 ಬೈಟ್. ಉಬುಂಟುವಿನ ಎಂಜಿನ್‌ಎಕ್ಸ್‌ನಲ್ಲಿ ಜಿಜಿಪ್ ಕಂಪ್ರೆಶನ್ ಶುರುವಾಗಿರುತ್ತದೆ, ಆದರೆ ಜಿಜಿಪ್-ಟೈಪ್ಸ್ ಸಾಲು ಕಾಮೆಂಟ್ ಆಗಿರುವುದರಿಂದ ಎಚ್‌ಟಿಎಂಎಲ್ ಮಾತ್ರ ಕುಗ್ಗುತ್ತದೆ. ಜಾವಾಸ್ಕ್ರಿಪ್ಟ್, ಸಿಎಸ್‌ಎಸ್, ಜೇಸನ್, ಎಸ್‌ವಿಜಿ ಸೇರಿಸಿ. ಕನ್ನಡ ಪಠ್ಯದಲ್ಲಿ ಒಂದೇ ಬೈಟ್‌ಗಳು ಮತ್ತೆಮತ್ತೆ ಬರುವುದರಿಂದ ಅದು ಚೆನ್ನಾಗಿ ಕುಗ್ಗುತ್ತದೆ.

ಇನ್ನು ಸ್ನೇಹಿತರ ಸಲಹೆಗಳು. ಕುಬರ್ನೆಟಿಸ್ ಬೇಡ. ಅದರ ಸ್ವಂತ ಊಟಕ್ಕೇ ನಿಮ್ಮ 1 ಜಿಬಿ ಸಾಲದು. ಡಾಕರ್ ಒಳ್ಳೆಯದೇ, ಎರಡನೇ ಸರ್ವರ್ ಬಂದಾಗ ಅಥವಾ ತಂಡದಲ್ಲಿ ಮೂರು ಜನ ಆದಾಗ ಯೋಚಿಸಿ. ಆಗಲೂ ಇಮೇಜ್ ಹೊರಗೆ ಕಟ್ಟಿ, ಸರ್ವರ್‌ನಲ್ಲಿ ಎಳೆದುಕೊಳ್ಳಿ. ಡಾಕರ್ ನಿಲ್ಲಿಸುವಾಗ ಕಾಯುವುದು 10 ಸೆಕೆಂಡ್ ಮಾತ್ರ, ಸಿಸ್ಟಮ್‌ಡಿಯ 90 ಅಲ್ಲ.

ನೆಕ್ಸ್ಟ್‌ಜೆಎಸ್ ವಿಚಾರ ಬೇರೆ. ಗೂಗಲ್‌ನಲ್ಲಿ ಒಂದೊಂದು ಸೀರೆಯ ಪುಟವೂ ಸಿಗಬೇಕು, ವಾಟ್ಸ್‌ಆ್ಯಪ್‌ನಲ್ಲಿ ಲಿಂಕ್ ಕಳಿಸಿದರೆ ಆಯಾ ಸೀರೆಯ ಚಿತ್ರವೇ ಕಾಣಬೇಕು ಎಂದರೆ ಸರ್ವರ್‌ನಲ್ಲೇ ಪುಟ ತಯಾರಾಗುವುದಕ್ಕೆ ಬೆಲೆ ಇದೆ. ಲಾಗಿನ್ ಆದವರಷ್ಟೇ ನೋಡುವ ಆರ್ಡರ್ ಪುಟಗಳಿಗೆ ಅದರ ಅಗತ್ಯವಿಲ್ಲ, 502 ಹೋಗಲೆಂದು ಫ್ರೇಮ್‌ವರ್ಕ್ ಬದಲಿಸುವುದಂತೂ ದಂಡ. ಬದಲಿಸಿದರೂ ಬಿಲ್ಡ್ ಭಾರ ಇನ್ನೂ ಹೆಚ್ಚಾಗುತ್ತದೆ. ಸ್ವಂತ ಸರ್ವರ್‌ನಲ್ಲಿ ಓಡಿಸುವವರು ಸ್ಟ್ಯಾಂಡ್‌ಅಲೋನ್ ಔಟ್‌ಪುಟ್ ಬಳಸುತ್ತಾರೆ. ಅದರಲ್ಲಿ ಪಬ್ಲಿಕ್ ಮತ್ತು ಸ್ಟ್ಯಾಟಿಕ್ ಫೋಲ್ಡರ್‌ಗಳು ತಾವಾಗಿ ಸೇರುವುದಿಲ್ಲ, ನಾವೇ ನಕಲು ಮಾಡಬೇಕು. ಮರೆತರೆ ಸ್ಟೈಲ್ ಇಲ್ಲದ ಬೋಳು ಪುಟ. ನೆಕ್ಸ್ಟ್‌ಜೆಎಸ್ ಸೈಟ್‌ಗಳಿಗೆ ಜಾಗ ಕೊಡುವ ವರ್ಸೆಲ್‌ನ ಉಚಿತ ಹಾಬಿ ಪ್ಲಾನ್ ವ್ಯಾಪಾರಕ್ಕಲ್ಲ, ಅಂಗಡಿಯ ಸೈಟನ್ನು ಅಲ್ಲಿ ಇಡುವುದು ನಿಯಮಕ್ಕೆ ವಿರುದ್ಧ. ಅಪ್‌ಡೇಟ್‌ಗಳ ಹೊಣೆಯೂ ಏರುತ್ತದೆ: 2025ರ ಡಿಸೆಂಬರ್‌ನಲ್ಲಿ ರಿಯಾಕ್ಟ್ ಸರ್ವರ್ ಕಾಂಪೊನೆಂಟ್ಸ್‌ನಲ್ಲಿ ಹೊರಗಿನವರು ಸರ್ವರ್ ಮೇಲೆ ತಮ್ಮ ಕೋಡ್ ಓಡಿಸಬಲ್ಲ ಲೋಪ ಬಯಲಾಗಿ, ನೆಕ್ಸ್ಟ್‌ಜೆಎಸ್ ಓಡಿಸುತ್ತಿದ್ದವರು ಅಂದೇ ಕೂತು ಆವೃತ್ತಿ ಏರಿಸಬೇಕಾಯಿತು. ನಿಮ್ಮಂತೆ ಬ್ರೌಸರ್‌ನಲ್ಲಿ ಮಾತ್ರ ರಿಯಾಕ್ಟ್ ಓಡಿಸುವವರಿಗೆ ಆ ಲೋಪ ತಟ್ಟಲಿಲ್ಲ.

ಎಲ್ಲ ಜೋಡಿಸಿದ ಮೇಲೆ ವ್ಯಾಪಾರ ಕಡಿಮೆ ಇರುವ ಹೊತ್ತಿನಲ್ಲಿ ಬೇಕೆಂದೇ ಕೆಟ್ಟ ರಿಲೀಸ್ ಒಂದನ್ನು ಕಳಿಸಿ: ಎಪಿಐಯ ಮೊದಲ ಸಾಲಿನಲ್ಲೇ ಎರರ್ ಎಸೆಯುವಂಥದ್ದು. 3000 ಏಳುವುದಿಲ್ಲ, ಕರ್ಲ್ ಹತ್ತು ಸಲ ಕೇಳಿ ಸೋಲುತ್ತದೆ, ಲಿಂಕ್ ಹಿಂದಕ್ಕೆ ತಿರುಗುತ್ತದೆ. ಅಷ್ಟೂ ಹೊತ್ತು ಇನ್ನೊಂದು ಟರ್ಮಿನಲ್‌ನಲ್ಲಿ ಸೆಕೆಂಡಿಗೊಮ್ಮೆ ಸೈಟ್‌ನ ಎಪಿಐ ವಿಳಾಸ ಕೇಳುವ ಲೂಪ್ ಓಡಿಸಿಟ್ಟಿರಿ. ಅದರಲ್ಲಿ ಒಂದೇ ಒಂದು 502 ಕಂಡರೂ ಎಂಜಿನ್‌ಎಕ್ಸ್ ಎರರ್ ಲಾಗ್‌ನಲ್ಲಿ ಅದೇ ಸೆಕೆಂಡಿನ ಸಾಲು ತೆಗೆದು, ಅದು ಯಾವ ಪೋರ್ಟ್‌ನದು ಎಂದು ನೋಡಿ. 3001ರದ್ದಾಗಿದ್ದರೆ ನಿಮ್ಮ ಸ್ಕ್ರಿಪ್ಟ್ ಇನ್ನೂ ಎರಡನ್ನೂ ಒಟ್ಟಿಗೆ ಕೆಡವುತ್ತಿದೆ.